ಸೇನಾ ಪತ್ರಿಕೆಗೆ ಬರೆಯಲು ಜನರಲ್ ಆಗಬೇಕಿಲ್ಲ

ಸೈನಿಕರು ತಮ್ಮ ವೃತ್ತಿಯ ಬಗ್ಗೆ ತಮ್ಮವರಿಗಾಗಿಯೇ ಬರೆಯುವ ಪತ್ರಿಕೆಗಳು ನಮ್ಮ ದೇಶಕ್ಕೆ ಹೊಸತಲ್ಲ. 1870ರಲ್ಲಿ ಚಾರ್ಲ್ಸ್ ಮೆಕ್‌ಗ್ರೆಗರ್ ಎಂಬ ಸೇನಾಧಿಕಾರಿ ಶಿಮ್ಲಾದಲ್ಲಿ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ಹುಟ್ಟುಹಾಕಿದರು. ಯುಎಸ್‌ಐ ಎಂದೇ ಎಲ್ಲರೂ ಕರೆಯುವ ಆ ಸಂಸ್ಥೆ ಮರುವರ್ಷವೇ ತನ್ನ ಜರ್ನಲ್ ಶುರುಮಾಡಿತು. ಸಂಸ್ಥೆ ಈಗ ದೆಹಲಿಯಲ್ಲಿದೆ, ಜರ್ನಲ್ ಮೂರು ತಿಂಗಳಿಗೊಮ್ಮೆ ಬರುತ್ತಿದೆ. ಆದರೂ ಎಷ್ಟೋ ಯೂನಿಟ್‌ಗಳಲ್ಲಿ ಬೆಲೆಬಾಳುವ ಅನುಭವ ಮೆಸ್ಸಿನ ಮಾತಿನಲ್ಲೇ ಮುಗಿದುಹೋಗುತ್ತದೆ. ಬರೆಯಬಲ್ಲವರ ಕೈ ಕಟ್ಟಿಹಾಕುವುದು ಬಹುಪಾಲು ಕೆಲವು ತಪ್ಪು ಕಲ್ಪನೆಗಳು.

ತಪ್ಪು ಕಲ್ಪನೆ: ದೊಡ್ಡ ಹುದ್ದೆ, ದೊಡ್ಡ ಗೆಲುವು ಇದ್ದವರಷ್ಟೇ ಬರೆಯಬೇಕು.

ವಾಸ್ತವ: ಎರ್ನೆಸ್ಟ್ ಸ್ವಿಂಟನ್ ಎಂಬ ಬ್ರಿಟಿಷ್ ಅಧಿಕಾರಿಯ ಉದಾಹರಣೆಯೊಂದೇ ಇದಕ್ಕೆ ಸಾಕು. 1868ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದವರು. ದಕ್ಷಿಣ ಆಫ್ರಿಕಾದ ಬೋವರ್ ಯುದ್ಧದಲ್ಲಿ ಕಂಡದ್ದನ್ನು ಇಟ್ಟುಕೊಂಡು ಅವರು ಬರೆದ 'ದಿ ಡಿಫೆನ್ಸ್ ಆಫ್ ಡಫರ್ಸ್ ಡ್ರಿಫ್ಟ್' 1904ರಲ್ಲಿ ಲಂಡನ್ನಿನ ಸೇನಾ ಪತ್ರಿಕೆಯೊಂದರಲ್ಲಿ ಅಡ್ಡಹೆಸರಿನಲ್ಲಿ ಪ್ರಕಟವಾಯಿತು. ಆಗ ಸ್ವಿಂಟನ್ ಬರೀ ಕ್ಯಾಪ್ಟನ್.

ಆ ಬರಹದ ತುಂಬ ಇರುವುದು ಸೋಲು. ಒಬ್ಬ ಎಳೆಯ ಲೆಫ್ಟಿನೆಂಟ್‌ಗೆ ಐವತ್ತು ಜನರನ್ನು ಕೊಟ್ಟು, ಹೊಳೆ ದಾಟುವ ಒಂದು ಜಾಗವನ್ನು ಕಾಯಲು ಬಿಟ್ಟಿರುತ್ತಾರೆ. ಆರು ಕನಸು ಬೀಳುತ್ತವೆ. ಮೊದಲ ಕನಸಿನಲ್ಲಿ ಅವನು ಕಂದಕ ತೋಡುವ ಕೆಲಸವನ್ನು ನಾಳೆಗೆ ಬಿಡುತ್ತಾನೆ. ಬೆಣ್ಣೆ, ಮೊಟ್ಟೆ ಮಾರಲು ಬಂದ ಪಕ್ಕದ ತೋಟದವರನ್ನು ಶಿಬಿರದೊಳಗೆ ಆರಾಮಾಗಿ ಓಡಾಡಲು ಬಿಡುತ್ತಾನೆ. ಶತ್ರು ಮೇಲೆ ಬೀಳುತ್ತಾನೆ, ಎಲ್ಲ ಮುಗಿಯುತ್ತದೆ. ಎಚ್ಚರವಾದಾಗ ಜಾಗದ ನೆನಪು ಇರುವುದಿಲ್ಲ, ಕಲಿತ ಪಾಠ ಮಾತ್ರ ಉಳಿದಿರುತ್ತದೆ. ಮುಂದಿನ ಕನಸಿನಲ್ಲಿ ಆ ತಪ್ಪು ತಿದ್ದಿಕೊಂಡು ಬೇರೆ ತಪ್ಪು ಮಾಡುತ್ತಾನೆ. ಹೀಗೆ ಒಟ್ಟು 22 ಪಾಠಗಳು ಕೂಡುವ ಹೊತ್ತಿಗೆ, ಆರನೆಯ ಕನಸಿನಲ್ಲಿ, ಜಾಗ ಉಳಿಯುತ್ತದೆ. ನೂರು ವರ್ಷ ದಾಟಿದರೂ ಕಿರಿಯ ಅಧಿಕಾರಿಗಳ ತರಬೇತಿಯಲ್ಲಿ ಇದನ್ನು ಓದಿಸುತ್ತಾರೆ. ಗೆಲುವಿನ ವರದಿಗಳು ರೆಜಿಮೆಂಟಿನ ಇತಿಹಾಸದಲ್ಲಿ ಹೇಗೂ ಸೇರುತ್ತವೆ. ಎಲ್ಲಿ ಎಡವಿದೆವು, ಏಕೆ ಎಡವಿದೆವು ಎಂದು ಬಿಡಿಸಿ ಹೇಳುವವರು ಅಪರೂಪ, ಸಂಪಾದಕರು ಹುಡುಕುವುದೂ ಅವರನ್ನೇ.

ಯುಎಸ್‌ಐ ಚಿನ್ನದ ಪದಕದ ಪ್ರಬಂಧ ಸ್ಪರ್ಧೆಯಲ್ಲಿ ಹತ್ತು ವರ್ಷಕ್ಕಿಂತ ಕಡಿಮೆ ಸೇವೆಯ ಅಧಿಕಾರಿಗಳಿಗೆ ಬೇರೆಯದೇ ವಿಭಾಗ ಇಟ್ಟಿರುವುದೂ ಎಳೆಯರು ಬರೆಯಲಿ ಎಂದೇ.

ತಪ್ಪು ಕಲ್ಪನೆ: ಸೇನೆಯನ್ನು ಟೀಕಿಸಿದ ಲೇಖನವನ್ನು ಸೇನೆಯ ಪತ್ರಿಕೆ ಹಾಕುವುದಿಲ್ಲ.

ವಾಸ್ತವ: ಈ ಭಯಕ್ಕೆ ಆಧಾರವಿಲ್ಲ ಎನ್ನಲಾರೆ. 1920ರ ನವೆಂಬರ್‌ನಲ್ಲಿ ಡ್ವೈಟ್ ಐಸೆನ್‌ಹೋವರ್ ಅಮೆರಿಕದ 'ಇನ್‌ಫೆಂಟ್ರಿ ಜರ್ನಲ್'ನಲ್ಲಿ ಟ್ಯಾಂಕುಗಳ ಬಗ್ಗೆ ಒಂದು ಲೇಖನ ಬರೆದರು. ಟ್ಯಾಂಕನ್ನು ಕಾಲಾಳುಗಳ ನಡಿಗೆಗೆ ಕಟ್ಟಿಹಾಕುವ ಅಂದಿನ ಪದ್ಧತಿಗೆ ಅವರ ವಿಚಾರ ಒಗ್ಗುವಂತಿರಲಿಲ್ಲ. ಮೇಲಧಿಕಾರಿ ಕರೆಸಿ, ಇಂಥದ್ದನ್ನು ಇನ್ನು ಪ್ರಕಟಿಸಿದರೆ ಕೋರ್ಟ್ ಮಾರ್ಷಲ್ ಎದುರಿಸಬೇಕಾದೀತು ಎಂದು ಎಚ್ಚರಿಸಿದರಂತೆ. ಐಸೆನ್‌ಹೋವರ್ ತಮ್ಮ ನೆನಪಿನ ಪುಸ್ತಕದಲ್ಲಿ ಇದನ್ನು ಹೇಳಿಕೊಂಡಿದ್ದಾರೆ. ಮುಂದೆ ಟ್ಯಾಂಕು ಯುದ್ಧದ ಚಹರೆಯನ್ನೇ ಬದಲಿಸಿತು, ಎಚ್ಚರಿಕೆ ಕೇಳಿಸಿಕೊಂಡವರು 1944ರಲ್ಲಿ ನಾರ್ಮಂಡಿ ದಾಳಿಯ ದಂಡನಾಯಕರಾದರು.

ಇದಕ್ಕೆ ತದ್ವಿರುದ್ಧ ಘಟನೆ 2005ರದ್ದು. ಇರಾಕ್‌ನಲ್ಲಿ ಅಮೆರಿಕನ್ನರ ಜೊತೆ ಕೆಲಸ ಮಾಡಿದ ಬ್ರಿಟಿಷ್ ಬ್ರಿಗೇಡಿಯರ್ ನೈಜೆಲ್ ಐಲ್ವಿನ್-ಫಾಸ್ಟರ್, ಅಮೆರಿಕದ ಸೇನೆ ಬಂಡುಕೋರರನ್ನು ಎದುರಿಸುವ ರೀತಿಯನ್ನು ನೇರಾನೇರ ಟೀಕಿಸಿದರು. ಸ್ಥಳೀಯರ ಮನಸ್ಸು ಅರಿಯುತ್ತಿಲ್ಲ, ಅತಿಯಾಗಿ ಬಲ ಬಳಸುತ್ತಿದೆ ಎಂಬುದು ಅವರ ವಾದ. ಅದನ್ನು ಅಚ್ಚುಹಾಕಿದ್ದು ಫೋರ್ಟ್ ಲೆವೆನ್‌ವರ್ತ್‌ನಿಂದ ಹೊರಡುವ, ಅಮೆರಿಕ ಸೇನೆಯದೇ ಆದ 'ಮಿಲಿಟರಿ ರಿವ್ಯೂ'! ಮರುವರ್ಷ ಡಿಸೆಂಬರ್‌ನಲ್ಲಿ ಆ ಸೇನೆ ಬಂಡಾಯ ನಿಗ್ರಹದ ಕೈಪಿಡಿಯನ್ನೇ ಹೊಸದಾಗಿ ಬರೆಯಿತು. ಒಂದು ಲೇಖನದಿಂದಲೇ ಎಲ್ಲ ಆಯಿತು ಎಂದರೆ ಉತ್ಪ್ರೇಕ್ಷೆ, ಆದರೆ ಆ ಚರ್ಚೆಗೆ ಬಿಸಿ ಮುಟ್ಟಿಸಿದ್ದರಲ್ಲಿ ಅದರ ಪಾಲು ದೊಡ್ಡದು.

ಐಲ್ವಿನ್-ಫಾಸ್ಟರ್ ಬರೆದ ಬಗೆಯನ್ನು ಗಮನಿಸಬೇಕು. ಅಮೆರಿಕನ್ ಸೈನಿಕರ ಶ್ರದ್ಧೆ, ಧೈರ್ಯವನ್ನು ಅವರು ಮನಸಾರೆ ಮೆಚ್ಚುತ್ತಾರೆ. ಯಾರೊಬ್ಬರ ಮೇಲೂ ಬೊಟ್ಟು ಮಾಡುವುದಿಲ್ಲ. ನೇರ ಯುದ್ಧದಲ್ಲಿ ಇಷ್ಟು ನಿಪುಣವಾದ ಸೇನೆ ಇಲ್ಲೇಕೆ ತಿಣುಕುತ್ತಿದೆ ಎಂಬ ಒಂದೇ ಪ್ರಶ್ನೆಯನ್ನು ಕೊನೆಯವರೆಗೆ ಬೆನ್ನಟ್ಟುತ್ತಾರೆ. ಸಿಟ್ಟು ತೀರಿಸಿಕೊಳ್ಳಲು ಬರೆದದ್ದನ್ನು ಸಂಪಾದಕರು ಎರಡನೆಯ ಪುಟದಲ್ಲೇ ಗುರುತಿಸುತ್ತಾರೆ. ಹೀಗೆ ಪ್ರಶ್ನೆ ಹಿಡಿದು ಹೊರಟ ಲೇಖನಕ್ಕೆ ಜಾಗ ಸಿಗುತ್ತದೆ.

ತಪ್ಪು ಕಲ್ಪನೆ: ಒಳಗಿನ ಗುಟ್ಟು ಇದ್ದರೇನೇ ಲೇಖನಕ್ಕೆ ತೂಕ.

ವಾಸ್ತವ: ಗುಟ್ಟು ಇದ್ದರೆ ಲೇಖನಕ್ಕೂ ಕೇಡು, ಬರೆದವರಿಗೂ ಕೇಡು. 1954ರ ಸೇನಾ ನಿಯಮಗಳ 21ನೇ ನಿಯಮದ ಪ್ರಕಾರ, ಸೇವೆಯಲ್ಲಿರುವವರು ಸೇನಾ ವಿಷಯದ ಬಗ್ಗೆ ಲೇಖನವನ್ನಾಗಲಿ ಪುಸ್ತಕವನ್ನಾಗಲಿ ಪ್ರಕಟಿಸಲು ಮೊದಲೇ ಅನುಮತಿ ಪಡೆಯಬೇಕು. ಸೈನಿಕರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕುವ ಅಧಿಕಾರವನ್ನು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಹಾಗಾಗಿ ಅನುಮತಿ ಪತ್ರವನ್ನು ಕೊನೆಗಳಿಗೆಯ ಶಾಸ್ತ್ರವೆಂದು ತಿಳಿಯದೆ, ಬರೆಯಲು ಕೂತ ದಿನದಿಂದಲೇ ಲೆಕ್ಕಕ್ಕೆ ಹಿಡಿಯಬೇಕು. ಎಲ್ಲರಿಗೂ ಸಿಗುವ ಪುಸ್ತಕ, ಸಂಸದೀಯ ಸಮಿತಿಯ ವರದಿ, ಹಳೆಯ ಯುದ್ಧಗಳ ಅಧಿಕೃತ ಇತಿಹಾಸ ಇವುಗಳನ್ನು ನೆಚ್ಚಿಕೊಂಡ ಲೇಖನಕ್ಕೆ ಒಪ್ಪಿಗೆ ಸಿಗುವುದೂ ಸುಲಭ, ಓದುಗರು ಅದನ್ನು ಪರಿಶೀಲಿಸುವುದೂ ಸುಲಭ.

ತೀರ ಸೂಕ್ಷ್ಮ ವಿಷಯವನ್ನೂ ಹೀಗೆ ಚರ್ಚೆಗೆ ತರಬಹುದು. ಜನರಲ್ ಸುಂದರ್‌ಜಿ ಮಹೂನ ಕಾಲೇಜ್ ಆಫ್ ಕಾಂಬ್ಯಾಟ್‌ನ ಮುಖ್ಯಸ್ಥರಾಗಿದ್ದಾಗ, 1981ರ ಸುಮಾರಿಗೆ, ಅಣ್ವಸ್ತ್ರದ ಬಗ್ಗೆ ಅಂಚೆಯಲ್ಲೇ ಒಂದು ವಿಚಾರಸಂಕಿರಣ ನಡೆಸಿದರು. ಹಲವರಿಗೆ ಪ್ರಶ್ನೆ ಕಳಿಸಿ, ಬಂದ ಉತ್ತರಗಳನ್ನು 'ಕಾಂಬ್ಯಾಟ್ ಪೇಪರ್' ಎಂದು ಪ್ರಕಟಿಸಿದರು. ಭಾರತ ತನ್ನನ್ನು ಅಣ್ವಸ್ತ್ರ ರಾಷ್ಟ್ರವೆಂದು ಘೋಷಿಸಿಕೊಳ್ಳಲು ಆಗಿನ್ನೂ ಹದಿನೇಳು ವರ್ಷ ಬಾಕಿಯಿತ್ತು.

ತಪ್ಪು ಕಲ್ಪನೆ: ಸಂಕ್ಷೇಪಾಕ್ಷರ ಹೆಚ್ಚಿದ್ದಷ್ಟೂ ವೃತ್ತಿಪರ.

ವಾಸ್ತವ: ಫಿರಂಗಿದಳದವರ ಸಂಕ್ಷೇಪ ನೌಕಾಪಡೆಯವರಿಗೆ ತಿಳಿಯದು. ಮೂರೂ ಪಡೆಯವರು ಓದುವ ಪತ್ರಿಕೆಯಲ್ಲಿ ಬಿಡಿಸಿ ಬರೆಯುವುದೇ ಮರ್ಯಾದೆ.

ತಪ್ಪು ಕಲ್ಪನೆ: ಕೋರ್ಸಿಗೆ ಬರೆದ ಪ್ರಬಂಧವನ್ನು ಹಾಗೇ ಕಳಿಸಿದರಾಯಿತು, ಬೇಕಿದ್ದರೆ ನಾಲ್ಕು ಕಡೆ.

ವಾಸ್ತವ: ಕೋರ್ಸಿನ ಪ್ರಬಂಧವನ್ನು ಓದಲೇಬೇಕಾದ ಪರೀಕ್ಷಕರು ಇರುತ್ತಾರೆ. ಪತ್ರಿಕೆಯ ಓದುಗರಿಗೆ ಆ ಕಟ್ಟುಪಾಡಿಲ್ಲ. ಪೀಠಿಕೆಯ ಹತ್ತು ಪುಟ, ಎಲ್ಲರಿಗೂ ಗೊತ್ತಿರುವ ವ್ಯಾಖ್ಯಾನಗಳು ಹೋಗಬೇಕು. ಹೇಳಬೇಕಾದ ಮಾತು ಮೊದಲ ಅರ್ಧ ಪುಟದಲ್ಲೇ ಬರಬೇಕು. ಪತ್ರಿಕೆಯ ಹಿಂದಿನ ಎರಡು ಮೂರು ಸಂಚಿಕೆ ಓದಿದರೆ ಎಷ್ಟು ಉದ್ದ, ಎಂಥ ಅಡಿಟಿಪ್ಪಣಿ ಎಂಬುದು ತಾನೇ ತಿಳಿಯುತ್ತದೆ. ಒಂದೇ ಲೇಖನವನ್ನು ಹಲವೆಡೆ ಒಟ್ಟಿಗೆ ಕಳಿಸುವುದಂತೂ ಸಲ್ಲದು. ಲೇಖನವನ್ನು ಬಿಡುವು ಮಾಡಿಕೊಂಡು ಪರಿಶೀಲಿಸಿದ ತಜ್ಞರ ಶ್ರಮ ಅದರಿಂದ ಮಣ್ಣುಪಾಲಾಗುತ್ತದೆ, ಸಂಪಾದಕರ ನಂಬಿಕೆಯೂ ಹೋಗುತ್ತದೆ.

ತಪ್ಪು ಕಲ್ಪನೆ: ತಿರಸ್ಕಾರ ಬಂದರೆ ಕಥೆ ಮುಗಿಯಿತು.

ವಾಸ್ತವ: ಎಷ್ಟೋ ಲೇಖನಗಳು ವಾಪಸ್ ಬರುವುದು ವಿಷಯ ಆ ಪತ್ರಿಕೆಗೆ ಹೊಂದದ್ದರಿಂದ, ಇಲ್ಲವೇ ಅಂಥದ್ದೇ ಲೇಖನ ಆಗಲೇ ಕೈಯಲ್ಲಿರುವುದರಿಂದ. ಪರಿಶೀಲಕರ ಟಿಪ್ಪಣಿ ಜೊತೆಗಿದ್ದರೆ ಅದಕ್ಕಿಂತ ದೊಡ್ಡ ಸಹಾಯ ಬೇರೆ ಬೇಕಿಲ್ಲ: ಒಪ್ಪುವುದನ್ನು ತಿದ್ದಿ, ಒಪ್ಪದಿರುವುದಕ್ಕೆ ಕಾರಣ ಬರೆದಿಟ್ಟುಕೊಂಡು, ಮುಂದಿನ ಪತ್ರಿಕೆಗೆ ಕಳಿಸಬಹುದು. ಪೂರ್ಣ ಲೇಖನಕ್ಕೆ ಇನ್ನೂ ಧೈರ್ಯ ಸಾಲದವರು ಪುಸ್ತಕ ವಿಮರ್ಶೆಯಿಂದ, ಅಥವಾ ಹಿಂದಿನ ಸಂಚಿಕೆಯ ಲೇಖನವೊಂದಕ್ಕೆ ಪ್ರತಿಕ್ರಿಯೆಯಾಗಿ ಸಂಪಾದಕರಿಗೆ ಒಂದು ಪತ್ರದಿಂದ ಶುರುಮಾಡಲಿ. ಸೇವೆಯಲ್ಲಿರುವವರು ಅದಕ್ಕೂ ಮೊದಲು ಅನುಮತಿ ಕೇಳಿರಲಿ.