ಅಪ್ಪನ ಜೊತೆ ಇನ್ನೆಷ್ಟು ದಿನ? ಲೆಕ್ಕ ಹಾಕಿ ಬೆಚ್ಚಿಬಿದ್ದೆ

ಕಳೆದ ವರ್ಷ ನಮ್ಮ ಟೀಮ್‌ನ ಗೆಳೆಯನೊಬ್ಬ ಶುಕ್ರವಾರ ಸಂಜೆ "ಸೋಮವಾರ ಸಿಗೋಣ" ಅಂತ ಹೋದವನು ಮತ್ತೆ ಬರಲಿಲ್ಲ. ವಯಸ್ಸು 36. ಹೃದಯಾಘಾತ. ಸೋಮವಾರದ ಮೀಟಿಂಗ್‌ಗೆ ಅವನೇ ಕಳಿಸಿದ್ದ ರಿಮೈಂಡರ್ ನನ್ನ ಫೋನಿನಲ್ಲಿ ಸರಿಯಾಗಿ ಹತ್ತು ಗಂಟೆಗೆ ಮೊಳಗಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಫೋನಿನಲ್ಲೇ ಒಂದು ಲೆಕ್ಕ ಹಾಕಿದೆ. ಬಾಗಲಕೋಟೆಯಲ್ಲಿರುವ ಅಪ್ಪನಿಗೆ ಈಗ 68. ಎಂಬತ್ತರವರೆಗೆ ಗಟ್ಟಿಯಾಗಿದ್ದರೂ ಉಳಿದದ್ದು 12 ವರ್ಷ. ನಾನು ಊರಿಗೆ ಹೋಗೋದು ವರ್ಷಕ್ಕೆ ಎರಡು ಸಲ, ಸಲಕ್ಕೆ ಮೂರು ದಿನ. ಒಟ್ಟು 72 ದಿನ. ಎರಡೂವರೆ ತಿಂಗಳೂ ಇಲ್ಲ!

ಮರುವಾರ ನಾಲ್ಕು ದಿನ ರಜೆ ಹಾಕಿ ರಾತ್ರಿ ರೈಲು ಹತ್ತಿದೆ.

ಮುಳುಗೋದು ಗೊತ್ತಿದ್ದ ಊರು

ನಮ್ಮದು ಹಳೇ ಬಾಗಲಕೋಟೆಯ ಮನೆತನ. ಆಲಮಟ್ಟಿ ಜಲಾಶಯದಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಿದಾಗ ಊರಿನ ದೊಡ್ಡ ಭಾಗ ಹಿನ್ನೀರಿನ ಪಾಲಾಯಿತು. ನಾವು ನವನಗರಕ್ಕೆ ಬಂದೆವು. ಅಪ್ಪನನ್ನು ಬೈಕ್ ಮೇಲೆ ಕೂರಿಸಿಕೊಂಡು ಹಳೇ ಊರಿನ ಕಡೆ ಹೋದೆ. ನೀರಿನತ್ತ ಕೈ ತೋರಿಸಿ, "ಅಲ್ಲಿತ್ತು ನೋಡು ನಮ್ಮನಿ" ಅಂದ.

"ಮುಳುಗ್ತೈತಿ ಅಂತ ಗೊತ್ತಿದ್ದೂ ಹೆಂಗ ಇದ್ರಿ ಅಪ್ಪಾ?" ಕೇಳಿದೆ.

"ಇರಬೇಕಲ್ಲೋ. ನೀರು ಬರೂದು ಗೊತ್ತಿತ್ತು. ಆದ್ರೂ ಯುಗಾದಿಗೆ ಸುಣ್ಣಾ ಹಚ್ಚೂದು ಬಿಡಲಿಲ್ಲ. ಕಡೀಕ ಬಾಗಿಲ ಚೌಕಟ್ಟು ಒಂದು ಕಿತ್ಕೊಂಡು ಬಂದ್ವಿ."

ಆ ಚೌಕಟ್ಟು ಇವತ್ತಿಗೂ ನಮ್ಮ ನವನಗರದ ಮನೆಯ ದೇವರ ಕೋಣೆಗಿದೆ. ನಾನು ಚಿಕ್ಕಂದಿನಿಂದ ಅದರ ಕೆಳಗೆ ಓಡಾಡಿದವನು, ಆದರೆ ಅದು ಎಲ್ಲಿಂದ ಬಂತು ಅಂತ ಕೇಳಿದ್ದೇ ಅವತ್ತು. ನೋಡಿ, ಮುಳುಗಡೆಯ ಊರಿಗೆ ಕನಿಷ್ಠ ನೋಟಿಸ್ ಆದರೂ ಬಂದಿತ್ತು. ನಮಗೆ ಅದೂ ಬರೋದಿಲ್ಲ.

"ನೀ ಹೋಗಿ ಬಾ, ನಾ ಇಲ್ಲೇ ಕುಂದ್ರತೀನಿ"

ಮೊದಲ ಸಂಬಳ ಬಂದಾಗ ಅಪ್ಪನಿಗೊಂದು ಮಾತು ಕೊಟ್ಟಿದ್ದೆ: "ಬಾದಾಮಿ ಗುಹೆ ತೋರಿಸ್ತೀನಿ." ಬಾಗಲಕೋಟೆಯಿಂದ ಬಾದಾಮಿ ಎಷ್ಟು ದೂರ? ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು. ಆದರೂ ಹತ್ತು ವರ್ಷ "ಮುಂದಿನ ಸಲ" ಅಂತಲೇ ಕಳೆಯಿತು.

ಈ ಸಲ ಹೋದೆವು. ಮೊದಲ ಗುಹೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಅಪ್ಪನ ಮೊಣಕಾಲು ಕೈಕೊಟ್ಟಿತು. ಕ್ರಿ.ಶ. 578ರ ಶಾಸನವಿರುವ, ಚಾಲುಕ್ಯರು ಕೊರೆಸಿದ ಮೂರನೇ ಗುಹೆ ಇನ್ನೂ ಮೇಲಿತ್ತು. "ನೀ ಹೋಗಿ ಬಾ, ನಾ ಇಲ್ಲೇ ಕುಂದ್ರತೀನಿ" ಅಂದ. ನಾನೊಬ್ಬನೇ ಹೋಗಿ ಫೋಟೋ ತೆಗೆದುಕೊಂಡು ಬಂದು ತೋರಿಸಿದೆ. ಅವನು ಖುಷಿಯಿಂದಲೇ ನೋಡಿದ. ನನಗೇ ಗಂಟಲು ಕಟ್ಟಿತು. 1,400 ವರ್ಷಕ್ಕೂ ಹಿಂದಿನ ಗುಹೆ ನಮಗಾಗಿ ಕಾಯಿತು. ಅಪ್ಪನ ಮೊಣಕಾಲು ಕಾಯಲಿಲ್ಲ.

ಮರುದಿನ ಹುನಗುಂದ ತಾಲ್ಲೂಕಿನ ಕೂಡಲಸಂಗಮ. ಕೃಷ್ಣೆ, ಮಲಪ್ರಭೆ ಸೇರುವ ಜಾಗ. ಬಸವಣ್ಣನವರ ಐಕ್ಯ ಮಂಟಪದ ಸುತ್ತ ಹಿನ್ನೀರು ನಿಂತಿದೆ. ಬಾವಿಯಂಥ ಗೋಡೆ ಕಟ್ಟಿ ಅದನ್ನು ಉಳಿಸಿಕೊಂಡಿದ್ದಾರೆ. ಇಲ್ಲಿ ಅಪ್ಪ ನನ್ನ ಭುಜ ಹಿಡಿದು ನಿಧಾನಕ್ಕೆ ಕೆಳಗಿಳಿದ. ಮುಳುಗುವ ಊರಿನಲ್ಲಿ ಎಲ್ಲವನ್ನೂ ಉಳಿಸಲಾಗೋದಿಲ್ಲ. ಯಾವುದನ್ನು ಉಳಿಸಬೇಕು ಅಂತ ಮೊದಲೇ ನಿರ್ಧರಿಸಬೇಕು ಅನ್ನಿಸಿತು.

ಹಾಸು ಒಂದೇ ಸೀರೆಯಷ್ಟು

ಕೊನೆಯ ದಿನ ಇಳಕಲ್‌ನ ಚಿಕ್ಕಮ್ಮನ ಮನೆ. ಆಕೆ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ನೇಯ್ಗೆ. ಹಾಗಾಗಿ ಹಾಸು ಒಂದೇ ಸೀರೆಗೆ ಆಗುವಷ್ಟಿರುತ್ತದೆ.

"ನಡುವ ತಪ್ಪಾದ್ರ?" ಅಂದೆ.

"ಇದ್ದ ಹಾಸಿನ್ಯಾಗ ಸರಿ ಮಾಡ್ಕೋಬೇಕಪಾ. ಇಲ್ಲೀತನಾ ನೇಯ್ದದ್ದು ಬಿಚ್ಚಾಕ ಬರಂಗಿಲ್ಲ."

ಇದೇ ಇಳಕಲ್‌ನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಹೊರಟರೆ ದುಡ್ಡು ಕೇಳುತ್ತಿರಲಿಲ್ಲ. ನಿಮ್ಮ ದುಶ್ಚಟ ಹಾಕಿ ಅನ್ನುತ್ತಿದ್ದರು. 'ಮಹಾಂತ ಜೋಳಿಗೆ' ಅಂತಲೇ ಅದು ಹೆಸರಾಯಿತು. ಅವರ ಜನ್ಮದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ನಾನು ಕುಡಿಯೋದಿಲ್ಲ, ಸಿಗರೇಟು ಸೇದೋದಿಲ್ಲ. ಆದರೂ ಆ ಜೋಳಿಗೆ ನನ್ನ ಮುಂದೆ ಬಂದರೆ ಏನು ಹಾಕಲಿ? ಯೋಚಿಸಬೇಕಾಗಲಿಲ್ಲ. "ಮುಂದಿನ ಸಲ" ಅನ್ನೋದು, ಮತ್ತೆ ರಾತ್ರಿ ಹನ್ನೊಂದರವರೆಗಿನ ರೀಲ್ಸ್.

ಬೆಂಗಳೂರಿಗೆ ಬಂದ ಮೇಲೆ ದೊಡ್ಡ ಬದಲಾವಣೆ ಏನೂ ಮಾಡಿಲ್ಲ. ಕೆಲಸ ಬಿಟ್ಟಿಲ್ಲ, ಇಎಂಐ ಇದೆಯಲ್ಲ! ಎರಡು ತಿಂಗಳಿಗೊಮ್ಮೆ ಊರಿಗೆ ಟಿಕೆಟ್ ಮೊದಲೇ ಬುಕ್ ಮಾಡುತ್ತೇನೆ. ಇನ್ನೂ ಮುಂದೂಡುತ್ತಾ ಬಂದಿದ್ದ ಹೆಲ್ತ್ ಚೆಕಪ್ ಮಾಡಿಸಿದೆ. ನಾಮಿನಿ ಹೆಸರುಗಳನ್ನು ಸರಿ ಮಾಡಿ, ಹೆಂಡತಿಗೆ ಎಲ್ಲ ಕಾಗದಪತ್ರ ತೋರಿಸಿದೆ. ತೀರಿಹೋದ ಗೆಳೆಯನ ಮನೆಗೆ ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ.

72 ದಿನ ಈಗ 216 ಆಗಿದೆ. ಅದೂ ಗ್ಯಾರಂಟಿ ಅಲ್ಲ, ಗೊತ್ತು. ಆದರೆ ನವನಗರದ ಮನೆಯಲ್ಲಿ ಅಪ್ಪ ಈಗ ಫೋನ್ ಎತ್ತಿದ ಕೂಡಲೇ "ಯಾವಾಗ ಬರ್ತಿ?" ಅಂತ ಕೇಳೋದಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡಿದ್ದಾನೆ.

ನಿಮ್ಮ ಲೆಕ್ಕ ಎಷ್ಟು? ಇವತ್ತೇ ಒಮ್ಮೆ ಹಾಕಿ ನೋಡಿ.