ಕ್ರೀಡಾ ಫಿಸಿಯೊ ತರಬೇತಿ: ಆಸ್ಪತ್ರೆಯಿಂದ ಮೈದಾನಕ್ಕೆ

ಬೆಂಗಳೂರು: ಮೊಣಕಾಲಿನೊಳಗಿನ ಮುಖ್ಯ ಲಿಗಮೆಂಟ್ ಹರಿದಿದೆಯೇ ಎಂಬುದನ್ನು ಯಾವ ಯಂತ್ರದ ನೆರವೂ ಇಲ್ಲದೆ, ಬರಿಗೈಯಿಂದಲೇ ಅಂದಾಜಿಸುವ ಪರೀಕ್ಷೆಯೊಂದಿದೆ. ಅಮೆರಿಕದ ಮೂಳೆತಜ್ಞ ಜಾನ್ ಲ್ಯಾಕ್‌ಮನ್ ಅವರ ಹೆಸರಿನಿಂದಲೇ ಪ್ರಸಿದ್ಧವಾದ ಈ ವಿಧಾನ 1976ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿವರವಾಗಿ ಪ್ರಕಟವಾಯಿತು. ಮೊಣಕಾಲನ್ನು 20ರಿಂದ 30 ಡಿಗ್ರಿಯಷ್ಟು ಮಡಿಸಿ, ಒಂದು ಕೈಯಿಂದ ತೊಡೆಯನ್ನು ಹಿಡಿದು, ಇನ್ನೊಂದು ಕೈಯಿಂದ ಮೊಣಕಾಲ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯಬೇಕು. ಲಿಗಮೆಂಟ್ ಗಟ್ಟಿಯಾಗಿದ್ದರೆ ಎಳೆತ ಒಂದು ಹಂತದಲ್ಲಿ ತಟ್ಟನೆ ನಿಲ್ಲುತ್ತದೆ. ಹರಿದಿದ್ದರೆ ಆ ತಡೆ ಕೈಗೆ ಸಿಗುವುದಿಲ್ಲ. ಓದುವುದಕ್ಕೆ ಎರಡು ನಿಮಿಷ ಸಾಕು. ಆದರೆ ಆ ತಡೆ ಹೇಗಿರುತ್ತದೆ ಎಂಬುದನ್ನು ಬೆರಳುಗಳು ಅರಿಯಲು ಹತ್ತಾರು ಮೊಣಕಾಲುಗಳನ್ನು ಮುಟ್ಟಿ ನೋಡಿರಬೇಕು.

ಇಲ್ಲಿ ಇನ್ನೊಂದು ತೊಡಕಿದೆ. ಪೆಟ್ಟು ಬಿದ್ದ ಮೊದಲ ಕೆಲವು ನಿಮಿಷಗಳಲ್ಲಿ ಈ ಪರೀಕ್ಷೆ ಸುಲಭ. ಗಂಟೆ ಕಳೆಯುವಷ್ಟರಲ್ಲಿ ಮೊಣಕಾಲು ಊದಿಕೊಳ್ಳುತ್ತದೆ, ನೋವಿಗೆ ಹೆದರಿದ ತೊಡೆಯ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಆಗ ಹರಿದ ಲಿಗಮೆಂಟ್ ಕೂಡ ಗಟ್ಟಿಯಾಗಿರುವಂತೆ ತೋರಬಹುದು. ಅಂದರೆ ಗಾಯವನ್ನು ಸ್ಪಷ್ಟವಾಗಿ ಓದಬಹುದಾದ ಹೊತ್ತು ಆಸ್ಪತ್ರೆಗೆ ಸಿಗುವುದೇ ಇಲ್ಲ. ಅದು ಮೈದಾನದ ಅಂಚಿನಲ್ಲಿ ನಿಂತವರಿಗೆ ಮಾತ್ರ ಸಿಗುತ್ತದೆ.

ಕ್ರೀಡಾ ಫಿಸಿಯೊಥೆರಪಿ ವಿದ್ಯಾರ್ಥಿಗಳ ಪ್ರಾಯೋಗಿಕ ತರಬೇತಿಯ ಕುರಿತ ಚರ್ಚೆಯ ತಿರುಳು ಇದೇ. ಅಮೆರಿಕದಲ್ಲಿ ಈ ಕೆಲಸಕ್ಕೆಂದೇ ‘ಅಥ್ಲೆಟಿಕ್ ಟ್ರೇನರ್’ ಎಂಬ ಪ್ರತ್ಯೇಕ ವೃತ್ತಿಯಿದೆ. ಅವರ ರಾಷ್ಟ್ರೀಯ ಸಂಘ 1950ರಲ್ಲೇ ಸ್ಥಾಪನೆಯಾಯಿತು. ಈಗ ಅಲ್ಲಿ ಸ್ನಾತಕೋತ್ತರ ಪದವಿಯೇ ಈ ವೃತ್ತಿಯ ಪ್ರವೇಶದ್ವಾರ. ಓದಿನ ನಡುವೆ ಕನಿಷ್ಠ ನಾಲ್ಕು ವಾರ ಪೂರ್ಣಾವಧಿಯಾಗಿ ಕ್ರೀಡಾಪಟುಗಳ ಜತೆ ಕೆಲಸ ಮಾಡಲೇಬೇಕೆಂಬ ನಿಯಮವಿದೆ. ಭಾರತದಲ್ಲಿ ಅಂಥ ಪ್ರತ್ಯೇಕ ಪರವಾನಗಿಯ ವೃತ್ತಿಯಿಲ್ಲ. ಆ ಹೊಣೆ ಬಹುಪಾಲು ಫಿಸಿಯೊಥೆರಪಿಸ್ಟರ ಹೆಗಲ ಮೇಲಿದೆ. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಪದವಿ ಮುಗಿಸಿದವರು ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗದಲ್ಲಿ ಮೂಳೆ-ಸ್ನಾಯು ತೊಂದರೆಗಳು ಮತ್ತು ಕ್ರೀಡೆಯ ವಿಭಾಗವನ್ನು ಆಯ್ದುಕೊಳ್ಳಬಹುದು.

ಆ ಎರಡು ವಿಷಯಗಳು ಒಂದೇ ಶೀರ್ಷಿಕೆಯಡಿ ಇರುವುದು ಸಹಜವೇ. ಆದರೆ ಹೊರರೋಗಿ ವಿಭಾಗದಲ್ಲಿ ಎದುರಾಗುವವರು ಯಾರು? ಸೊಂಟನೋವಿನ ಗುಮಾಸ್ತರು, ಮೊಣಕಾಲು ಸವೆದ ಹಿರಿಯರು, ಬೈಕಿನಿಂದ ಬಿದ್ದು ಶಸ್ತ್ರಚಿಕಿತ್ಸೆಯಾದ ಯುವಕರು. ಅಪರೂಪಕ್ಕೆ ಬರುವ ಆಟಗಾರ ಕೂಡ ಗಾಯವಾಗಿ ಮೂರನೇ ವಾರದಲ್ಲಿ, ಕೈಯಲ್ಲಿ ಸ್ಕ್ಯಾನ್ ವರದಿ ಹಿಡಿದು ಬರುತ್ತಾನೆ. ಉತ್ತರ ಮೊದಲೇ ಬರೆದಿಟ್ಟ ಪ್ರಶ್ನೆಪತ್ರಿಕೆಯಂತೆ.

ಎಲ್ಲವೂ ಹತ್ತಿರದಲ್ಲೇ

ಪಶ್ಚಿಮ ಬೆಂಗಳೂರಿನ ಮಟ್ಟಿಗೆ ಈ ಕೊರತೆಗೆ ದೂರವನ್ನು ದೂರುವಂತಿಲ್ಲ. ಮೈಸೂರು ರಸ್ತೆಯ ಜ್ಞಾನಭಾರತಿ ಪ್ರದೇಶದಲ್ಲೇ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. 2020ರ ಲಾಕ್‌ಡೌನ್ ವೇಳೆ ಭಾರತದ ಪುರುಷರ ಮತ್ತು ಮಹಿಳೆಯರ ಹಾಕಿ ತಂಡಗಳು ಉಳಿದದ್ದು ಇದೇ ಆವರಣದಲ್ಲಿ. ಮರುವರ್ಷ ಟೋಕಿಯೊದಲ್ಲಿ ಪುರುಷರು 41 ವರ್ಷಗಳ ಬಳಿಕ ಒಲಿಂಪಿಕ್ ಪದಕ ತಂದರು, ಮಹಿಳೆಯರು ನಾಲ್ಕನೇ ಸ್ಥಾನ ಪಡೆದರು. ಕೆಂಗೇರಿ ಬಳಿಯ ಕೊಮ್ಮಘಟ್ಟದಲ್ಲಿ ಪದ್ಮಶ್ರೀ, ಮಾಗಡಿ ರಸ್ತೆಯ ಕಡೆ ಕೆಟಿಜಿ ಫಿಸಿಯೊಥೆರಪಿ ಕಾಲೇಜುಗಳಿವೆ. ರಾಜಾಜಿನಗರದಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ವಿಜಯನಗರ, ಬಸವೇಶ್ವರನಗರಗಳ ಬಡಾವಣೆ ಮೈದಾನಗಳಲ್ಲಿ ಬೆಳಗಾದರೆ ಆಟ ಶುರು.

ರಾಷ್ಟ್ರೀಯ ಶಿಬಿರದ ಆಟಗಾರರಿಗೆ ತಂಡದ ಫಿಸಿಯೊ ಇರುತ್ತಾರೆ. ಬಡಾವಣೆಯ ಕಬಡ್ಡಿ ಅಂಕಣದಲ್ಲಿ ಬಿದ್ದ ಹುಡುಗನಿಗೆ ಬಹುತೇಕ ಸಿಗುವುದು ನೋವಿನ ಸ್ಪ್ರೇ ಮತ್ತು ಗೆಳೆಯರ ಹೆಗಲು. ವಿದ್ಯಾರ್ಥಿ ಕಲಿಯಬೇಕಾದ ಜಾಗವೂ, ಅವನ ಅಗತ್ಯ ಹೆಚ್ಚಿರುವ ಜಾಗವೂ ಇದೇ.

ಪಾದದ ಗಂಟು ಉಳುಕಿದ ಪ್ರಸಂಗವನ್ನೇ ನೋಡಬಹುದು. ಎಕ್ಸ್‌ರೇ ಬೇಕೇ ಬೇಡವೇ ಎಂದು ನಿರ್ಧರಿಸಲು ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪಿಸಿದ ಸರಳ ಸೂತ್ರಗಳಿವೆ. ಗಂಟಿನ ಇಕ್ಕೆಲದ ಮೂಳೆಯ ಹಿಂಬದಿಯ ಅಂಚನ್ನೋ ತುದಿಯನ್ನೋ ಒತ್ತಿದಾಗ ನೋವಾಗುತ್ತದೆಯೇ, ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ಹೊತ್ತಿನಲ್ಲಿ ನಾಲ್ಕು ಹೆಜ್ಜೆ ಊರಲು ಆಗುತ್ತದೆಯೇ ಎಂಬುದು ಅವುಗಳಲ್ಲಿ ಮುಖ್ಯ. ಸೂತ್ರ ಬಾಯಿಪಾಠವಾಗಿರುತ್ತದೆ. ಆದರೆ ಸುತ್ತ ಜನ ಸೇರಿ, ಕೋಚ್ ಗಡಿಯಾರ ನೋಡುತ್ತ, ಆಟಗಾರ ‘ಏನೂ ಆಗಿಲ್ಲ’ ಎಂದು ಹಟ ಹಿಡಿದಿರುವಾಗ ಸರಿಯಾದ ಜಾಗಕ್ಕೆ ಬೆರಳಿಡುವುದು ಬೇರೆಯೇ ವಿದ್ಯೆ.

ತಲೆಯ ಪೆಟ್ಟಿನಲ್ಲಂತೂ ಈ ಒತ್ತಡ ಪ್ರಾಣದ ಪ್ರಶ್ನೆ. ಮಿದುಳು ಅಲುಗಿದ ಶಂಕೆ ಬಂದರೆ ಆ ದಿನ ಆಟಗಾರ ಮತ್ತೆ ಅಂಕಣಕ್ಕೆ ಇಳಿಯಬಾರದು ಎಂಬುದು ಅಂತರರಾಷ್ಟ್ರೀಯ ಒಮ್ಮತ. 2022ರ ಆಮ್‌ಸ್ಟರ್‌ಡ್ಯಾಮ್ ಸಮ್ಮೇಳನದ ನಂತರ ಬಂದ ಪರೀಕ್ಷಾ ನಮೂನೆಯೂ ಇದನ್ನೇ ಹೇಳುತ್ತದೆ. ಫೈನಲ್ ಪಂದ್ಯದ ಕೊನೆಯ ಹತ್ತು ನಿಮಿಷಗಳಲ್ಲಿ ತಂಡದ ಮುಖ್ಯ ಆಟಗಾರನಿಗೆ ‘ಕೂಡದು’ ಎನ್ನುವ ಧೈರ್ಯ ಯಾವ ಉಪನ್ಯಾಸದಿಂದಲೂ ಬಾರದು. ಹಿರಿಯ ಫಿಸಿಯೊ ಒಬ್ಬರು ಹಾಗೆ ಹೇಳಿ, ಬೈಗುಳ ತಿಂದು, ಆದರೂ ಮಣಿಯದಿದ್ದುದನ್ನು ಕಂಡವರಿಗೆ ಅದು ಬರುತ್ತದೆ.

ಪುಸ್ತಕಗಳೂ ಬದಲಾಗುತ್ತವೆ. ವಿಶ್ರಾಂತಿ, ಐಸ್, ಬಿಗಿಪಟ್ಟಿ, ಕಾಲು ಎತ್ತರಿಸುವಿಕೆ ಎಂಬ ಪ್ರಸಿದ್ಧ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಐಸ್ ಮತ್ತು ಪೂರ್ಣ ವಿಶ್ರಾಂತಿ ಗುಣವಾಗುವುದನ್ನು ತಡಮಾಡಬಹುದೆಂದು ಮುಂದೆ ಬರೆದರು. ಇತ್ತ ಓಟದ ನಡುವೆ ಬಿಸಿಯೇರಿ ಕುಸಿದವರ ವಿಷಯದಲ್ಲಿ ತಣ್ಣೀರೇ ಮೊದಲ ಮದ್ದು. ಮೊದಲು ಮೈ ತಣಿಸಬೇಕು, ಆಮೇಲೆ ಆಂಬುಲೆನ್ಸ್‌ಗೆ ಏರಿಸಬೇಕು.

ಹೊಣೆ ಯಾರದು?

ಹಾಗೆಂದು ವಿದ್ಯಾರ್ಥಿಯ ಕೈಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕೊಟ್ಟು ಪಂದ್ಯಾವಳಿಗೆ ಕಳುಹಿಸಿದರೆ ತರಬೇತಿಯಾಗದು, ಪುಕ್ಕಟೆ ದುಡಿಮೆಯಾದೀತು. ಪಕ್ಕದಲ್ಲಿ ಅನುಭವಿ ಮೇಲ್ವಿಚಾರಕರು ಇದ್ದು, ವಿದ್ಯಾರ್ಥಿ ಮಾಡಿದ ಪರೀಕ್ಷೆಯನ್ನು ತಾವೂ ಮಾಡಿ, ‘ನಿನ್ನ ಹಿಡಿತ ಒಂದಂಗುಲ ಮೇಲಿತ್ತು’ ಎಂದು ತಿದ್ದಿದಾಗ ಮಾತ್ರ ಕೈ ಪಳಗುತ್ತದೆ. ಆ ಮೇಲ್ವಿಚಾರಕರ ಸಮಯಕ್ಕೆ ಬೆಲೆ ಕಟ್ಟುವವರು ಯಾರು ಎಂಬಲ್ಲಿಗೆ ಮಾತು ಸಾಮಾನ್ಯವಾಗಿ ನಿಂತುಬಿಡುತ್ತದೆ.

ಕೇಂದ್ರ ಆರೋಗ್ಯ ಸಚಿವಾಲಯ 2025ರಲ್ಲಿ ಬಿಡುಗಡೆ ಮಾಡಿದ ಪಠ್ಯಕ್ರಮ ಫಿಸಿಯೊಥೆರಪಿ ಪದವಿಯನ್ನು ಐದು ವರ್ಷಕ್ಕೆ ಏರಿಸಿದೆ. ಅದರಲ್ಲಿ ಒಂದಿಡೀ ವರ್ಷ ಇಂಟರ್ನ್‌ಶಿಪ್. ಕರ್ನಾಟಕದಲ್ಲಿ ಈ ಹಿಂದೆ ಆ ಅವಧಿ ಆರು ತಿಂಗಳಿತ್ತು. ಹೆಚ್ಚುವರಿ ಆರು ತಿಂಗಳಲ್ಲಿ ಕೆಲವು ವಾರಗಳನ್ನಾದರೂ ಮೈದಾನಕ್ಕೆ ಮೀಸಲಿಡುವುದು ಕಷ್ಟವಲ್ಲ. ವೇಳಾಪಟ್ಟಿಯನ್ನು ಮಾತ್ರ ತಿರುವಿ ಬರೆಯಬೇಕಾದೀತು. ಬಡಾವಣೆ ಪಂದ್ಯಾವಳಿಗಳು ಹೆಚ್ಚಾಗಿ ನಡೆಯುವುದು ಭಾನುವಾರ. ಹೊರರೋಗಿ ವಿಭಾಗಕ್ಕೂ, ಕಾಲೇಜಿಗೂ ಅಂದೇ ರಜೆ.