ಹಳೆಯ ಜೀಪಿನ ಬ್ರೇಕು

ಬಿ.ಎ. ತರಗತಿಯವನಿಗೆ ಬ್ರೇಕಿನ ಗೊಡವೆ ಏತಕ್ಕೆಂದು ಮಿತ್ರರು ಕೇಳಬಹುದು. ನಮ್ಮ ತಂದೆಯವರಲ್ಲಿ ವಿಲ್ಲಿಸ್ ಮಾದರಿಯ ಹಳೆಯ ಜೀಪ್ ಪಿಕಪ್ ಒಂದುಂಟು. ನನ್ನ ಕಾಲೇಜಿನ ಫೀಜು ಬಂದದ್ದು ಅದರ ಬಾಡಿಗೆಯಿಂದಲೇ. ಬಾಳೆಗೊನೆ ಹೇರಿಕೊಂಡು ಅದು ಆಗುಂಬೆ ಘಾಟಿಯನ್ನು ಇಳಿಯುವಾಗ ತಂದೆಯವರ ಪ್ರಾಣವು ಲೋಟದಷ್ಟು ಬ್ರೇಕ್ ಆಯಿಲಿನ ಮೇಲೆ ನಿಂತಿರುತ್ತದೆ.

ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಈ ಆಯಿಲನ್ನು ಒತ್ತುತ್ತದೆ. ದ್ರವವು ಕುಗ್ಗುವುದಿಲ್ಲವಾದ್ದರಿಂದ ಒತ್ತಡವು ಕೊಳವೆಗಳ ಮೂಲಕ ನಾಲ್ಕು ಚಕ್ರಗಳಿಗೂ ತಲುಪಿ, ಅಲ್ಲಿನ ಬ್ರೇಕ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಇದು 17ನೆಯ ಶತಮಾನದ ಫ್ರೆಂಚ್ ಪಂಡಿತ ಪಾಸ್ಕಲನ ನಿಯಮ. ತಂದೆಯವರು ಅವನ ಹೆಸರನ್ನು ಕೇಳಿದವರಲ್ಲ. ಆದರೆ ರೋಗವೆಲ್ಲಿದೆ ಎಂಬುದನ್ನು ಅಂಗಾಲಿನಿಂದಲೇ ಹೇಳಬಲ್ಲರು.

ಇಂಥ ಹಳೆಯ ಗಾಡಿಗಳಲ್ಲಿ ನಾಲ್ಕು ಚಕ್ರಗಳಿಗೂ ದಾರಿ ಒಂದೇ. ಎಲ್ಲಿಯಾದರೂ ಒಂದು ಹೋಸ್ ಪೈಪು ಒಡೆದರೆ ನಾಲ್ಕೂ ಕೈಕೊಡುತ್ತವೆ. ಅಮೆರಿಕದ ಷೆವರ್ಲೆ ಪಿಕಪ್ಪುಗಳಿಗೆ 1967ರಲ್ಲಿ ಎರಡು ಭಾಗದ ಮಾಸ್ಟರ್ ಸಿಲಿಂಡರ್ ಬಂದಿತು. ಒಂದು ಭಾಗ ಸೋತರೂ ಇನ್ನೊಂದು ಉಳಿಯುತ್ತದೆ. ನಮ್ಮ ಜೀಪಿಗೂ ಅಂಥದನ್ನು ಹಾಕಿಸಬೇಕೆಂದು ನನ್ನ ವಾದ. ಮೊದಲು ಬಣ್ಣ ಹೊಡೆಸಬೇಕೆಂಬುದು ತಂದೆಯವರ ಹಟ.

ಪೆಡಲಿನ ಭಾಷೆಯನ್ನು ಕಲಿಯುವುದು ಕಷ್ಟವಲ್ಲ. ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಮೊದಲ ತುಳಿತಕ್ಕೆ ಕೆಳಕ್ಕಿಳಿದು, ಎರಡು ಮೂರು ಸಲ ಪಂಪು ಮಾಡಿದ ಮೇಲೆ ಗಟ್ಟಿಯಾದರೆ ಶೂಗಳು ಸವೆದು ಡ್ರಮ್ಮಿನಿಂದ ದೂರವಾಗಿರುವುದೇ ಹೆಚ್ಚು. ಒತ್ತಿ ಹಿಡಿದಂತೆಯೇ ಮೆಲ್ಲಗೆ ಮುಳುಗುತ್ತಿದ್ದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರನ್ನು ಸಂಶಯಿಸಬೇಕು. ಗಾಡಿ ಎಡಕ್ಕೆ ಎಳೆದರೆ ಎಡ ಚಕ್ರವನ್ನೇ ದೂರುವುದು ವಾಡಿಕೆ. ಎಷ್ಟೋ ವೇಳೆ ತಪ್ಪು ಬಲಚಕ್ರದ್ದು, ಅಲ್ಲಿ ಬ್ರೇಕು ಹಿಡಿಯುತ್ತಿರುವುದಿಲ್ಲ.

ಕಾರಣವನ್ನು ಹುಡುಕದೆ ಲೈನರ್ ಬದಲಾಯಿಸುವುದು ವ್ಯರ್ಥ. ವೀಲ್ ಸಿಲಿಂಡರ್ ಸೋರಿ ಶೂ ನೆನೆದಿದ್ದರೆ, ಹೊಸ ಶೂ ಕೂಡ ಬೇಗನೆ ನೆನೆಯುತ್ತದೆ. ಶೂಗಳನ್ನು ಎಡಬಲ ಎರಡೂ ಚಕ್ರಗಳಿಗೆ ಒಟ್ಟಿಗೇ ಬದಲಾಯಿಸಬೇಕು. ರಬ್ಬರುಗಳಿಗೆ ಇಂಜಿನ್ ಆಯಿಲ್ ತಾಗಿದರೆ ಉಬ್ಬಿ ಕೆಡುತ್ತವೆ. ಡ್ರಮ್ಮಿನ ಧೂಳನ್ನು ಬಾಯಿಂದ ಊದಲೇಬಾರದು. ಹಳೆಯ ಲೈನರುಗಳಲ್ಲಿ ಶ್ವಾಸಕೋಶಕ್ಕೆ ವಿಷವಾದ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಆಮೇಲೆ ಗಾಳಿ ತೆಗೆಯುವ ಕೆಲಸ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ನಮ್ಮ ಬಲಗೈ ಸ್ಟಿಯರಿಂಗಿನ ಗಾಡಿಗಳಲ್ಲಿ ಹಿಂದಿನ ಎಡಚಕ್ರದಿಂದ, ತೊಡಗಬೇಕು. ಒಬ್ಬರು ಪೆಡಲನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ನಿಪ್ಪಲನ್ನು ಸಡಿಲಿಸಿ, ಕಾಲೆತ್ತುವ ಮೊದಲೇ ಬಿಗಿಯಬೇಕು. ನಮ್ಮ ಮನೆಯಲ್ಲಿ ಒತ್ತುವವಳು ನನ್ನ ತಂಗಿ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ಜಾತಿಯದು ಹೊಸದಿರುವಾಗ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯದು. ತೇವ ಸೇರಿದ ಮೇಲೆ 140ಕ್ಕೇ ಕುದಿಯಬಹುದು. ಇಳಿಜಾರಿನಲ್ಲಿ ಬ್ರೇಕು ಕಾದು ಆಯಿಲ್ ಕುದಿದರೆ ಹಬೆಯುಂಟಾಗುತ್ತದೆ. ಹಬೆಯಾದರೋ ಕುಗ್ಗುವಂಥದು, ಪೆಡಲ್ ಸುಮ್ಮನೆ ತಳ ಸೇರುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬುವುದು, ಘಾಟಿಯನ್ನು ಎರಡನೆಯ ಗೇರಿನಲ್ಲೇ ಇಳಿಯುವುದು. ರಿಪೇರಿಯಾದ ಗಾಡಿಯನ್ನು ಹೊರೆಯಿಲ್ಲದೆ, ಬಯಲಿನಲ್ಲಿ ನಿಧಾನವಾಗಿ ಓಡಿಸಿ ನೋಡಿದ ಮೇಲೆಯೇ ತಂದೆಯವರು ಬಾಳೆಗೊನೆ ಹೇರಿಸುತ್ತಾರೆ.